ಬಾಲ ಆಡಿಸಿದ ಟ್ರೇಲರ್: ಮುಳ್ಳೇರಿಯಾದಿಂದ ರಾಣಿಪುರಕ್ಕೆ

ಬೆಂಗಳೂರಿನ ನಮ್ಮ ಭಾವ ಟೆಂಪೋ ಟ್ರಾವೆಲರ್ ಒಂದನ್ನು ಮೋಟರ್ ಹೋಮ್ ಮಾಡಿಸಿಕೊಂಡಿದ್ದಾರೆ. ಡಿಸೆಂಬರಿನಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಮುಳ್ಳೇರಿಯಾಕ್ಕೆ ಬಂದಾಗ ಅದರ ಹಿಂದೆ ಸಣ್ಣದೊಂದು ಟ್ರೇಲರ್, ಟ್ರೇಲರ್ ಮೇಲೆ ಎರಡು ಸ್ಕೂಟರ್. ದೊಡ್ಡ ಗಾಡಿ ಒಂದು ಕಡೆ ನಿಲ್ಲಿಸಿ, ಒಳದಾರಿಗಳಲ್ಲಿ ಸ್ಕೂಟರ್‌ನಲ್ಲಿ ಸುತ್ತುವುದು ಅವರ ಲೆಕ್ಕ. ಬೇಕಲ, ಕಾಞಂಗಾಡ್, ರಾಣಿಪುರ ಅಂತ ಮೂರು ದಿನ ಹೋಗಿ ಬಂದೆವು.

"ಸ್ಕೂಟರ್ ಯಾಕೆ ಭಾವ, ಕಾರನ್ನೇ ಹಿಂದೆ ಕಟ್ಟಿಕೊಂಡು ಬರಬಹುದಿತ್ತಲ್ವಾ?" ಅಂತ ಕೇಳಿದ್ದೆ. ಅಮೆರಿಕದಲ್ಲಿ ಹಾಗೆ ಮಾಡುತ್ತಾರೆ, ಕಾರಿನ ನಾಲ್ಕೂ ಚಕ್ರ ರಸ್ತೆಯ ಮೇಲೆಯೇ ಉರುಳುತ್ತಾ ಬರುತ್ತದೆ. ನಮ್ಮ ಕಾನೂನಿನಲ್ಲಿ ಕೆಟ್ಟು ನಿಂತ ವಾಹನ ಅಥವಾ ನೋಂದಣಿಯಾದ ಟ್ರೇಲರನ್ನು ಎಳೆಯಬಹುದು, ಚೆನ್ನಾಗಿರುವ ಕಾರನ್ನು ಹಾಗೆ ಎಳೆಯುವಂತಿಲ್ಲ. ಕೆಟ್ಟ ಕಾರನ್ನು ಎಳೆಯುವಾಗಲೂ ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಜಾಸ್ತಿ ಅಂತರ ಇರಬಾರದು. ಆಟೋಮ್ಯಾಟಿಕ್ ಕಾರಾದರೆ ಇನ್ನೊಂದು ತಲೆನೋವು. ಎಂಜಿನ್ ಓಡದಿದ್ದರೆ ಹೆಚ್ಚಿನವುಗಳಲ್ಲಿ ಗೇರ್‌ಬಾಕ್ಸಿಗೆ ಆಯಿಲ್ ಹರಿಯುವುದಿಲ್ಲ, ದೂರ ಎಳೆದರೆ ಅದು ಸುಟ್ಟೇ ಹೋಗಬಹುದು. ಹಾಗಾಗಿ ಟ್ರೇಲರ್ರೇ ಸರಿ, ಅದರ ಆರ್‌ಸಿ ಜೊತೆಯಲ್ಲಿರಲಿ.

ಹೊರಡುವ ಬೆಳಿಗ್ಗೆ ಅಕ್ಕ ಒಂದು ಗೋಣಿ ತೆಂಗಿನಕಾಯಿ ತಂದು ಟ್ರೇಲರಿನ ಹಿಂತುದಿಯಲ್ಲಿ ಇಡಿಸಿದಳು. ಕಾಞಂಗಾಡಿನ ಚಿಕ್ಕಮ್ಮನಿಗಂತೆ. ಐವತ್ತು ಕಿಲೋ ಇದ್ದೀತು. ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಚೆರ್ಕಳದಲ್ಲಿ ಹೆದ್ದಾರಿಗೆ ಸೇರಿ, ಬೇವಿಂಜೆ ದಾಟಿ ತೆಕ್ಕಿಲ್ ಸೇತುವೆ ಕಡೆಗೆ ಇಳಿಯುತ್ತಿದ್ದೆವು. ವೇಗ ಅರುವತ್ತರ ಹತ್ತಿರ. ಹಿಂದಿನಿಂದ ಯಾರೋ ಗಾಡಿಯನ್ನು ಹಿಡಿದು ಅಲ್ಲಾಡಿಸಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಒಮ್ಮೆ ಎಡಕ್ಕೆ ಕಾಣುತ್ತದೆ, ಒಮ್ಮೆ ಬಲಕ್ಕೆ. ಭಾವ ಬ್ರೇಕ್ ಒತ್ತಿದರು, ಅದು ಇನ್ನೂ ಜೋರಾಯಿತು. ಆಮೇಲೆ ಬ್ರೇಕ್ ಬಿಟ್ಟು, ಆಕ್ಸಿಲರೇಟರಿನಿಂದಲೂ ಕಾಲು ತೆಗೆದು, ಸ್ಟೇರಿಂಗ್ ನೇರ ಹಿಡಿದು ಸುಮ್ನೆ ಕೂತರು. ವೇಗ ಇಳಿಯುತ್ತಾ ಬಂದಂತೆ ತಾನಾಗಿಯೇ ನಿಂತಿತು. ಟ್ರೇಲರ್ ಓಲಾಡಿದರೆ ಮಾಡಬೇಕಾದ್ದು ಅಷ್ಟೇ. ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿ ಸರಿಪಡಿಸಲು ಹೋಗಬೇಡಿ.

ಚಟ್ಟಂಚಾಲಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿ ಎದುರು ನಿಲ್ಲಿಸಿದೆವು. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಕಂಡು ಭಾವನಿಗೆ ಉಪಾಯ ಹೊಳೆಯಿತು. "ಗಾಡಿಯನ್ನೂ ತೂಗ್ತೀರಾ?" ಅಂತ ಅಂಗಡಿಯವರು ನಕ್ಕರೂ ತಕ್ಕಡಿ ಕೊಟ್ಟರು. ಸಮತಟ್ಟು ಜಾಗದಲ್ಲಿ ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕೊಕ್ಕೆ ಬಿಚ್ಚಿ, ಮೊದಲಿದ್ದಷ್ಟೇ ಎತ್ತರಕ್ಕೆ ಬರುವ ಹಾಗೆ ಹಲಸಿನ ಮರದ ತುಂಡಿಟ್ಟು, ಅದರ ಮೂತಿಯನ್ನು, ಅಂದರೆ ಕೊಕ್ಕೆಗೆ ಸಿಕ್ಕಿಸುವ ಮುಂತುದಿಯನ್ನು, ತಕ್ಕಡಿಯ ಮೇಲೆ ಕೂರಿಸಿದೆವು. ಬಂದದ್ದು ಬರೀ 15 ಕಿಲೋ. ಸ್ಕೂಟರ್, ಸಾಮಾನು ಎಲ್ಲ ಸೇರಿ ಟ್ರೇಲರ್ 540 ಕಿಲೋ ಆಸುಪಾಸು. ಕೊಕ್ಕೆಯ ಮೇಲೆ ಅದರ ಹತ್ತನೇ ಒಂದು ಪಾಲಾದರೂ ಕೂರಬೇಕು, ಹದಿನೈದು ಪರ್ಸೆಂಟಿನವರೆಗೆ ಇದ್ದರೂ ಅಡ್ಡಿಯಿಲ್ಲ, ಕೊಕ್ಕೆಯ ಮಿತಿ ಮೀರದಿದ್ದರೆ ಸಾಕು. ಅಕ್ಕನ ಗೋಣಿಯೊಂದನ್ನು ಹಿಂದಿನಿಂದ ಎತ್ತಿ ಮುಂದೆ ಇಟ್ಟೆವು. ತಕ್ಕಡಿ 60 ತೋರಿಸಿತು. ಮತ್ತೆ ಟ್ರೇಲರ್ ಬಾಲ ಆಡಿಸಲಿಲ್ಲ.

ಕೊಕ್ಕೆ ಸಿಕ್ಕಿಸುವಾಗ ಟ್ರೇಲರನ್ನು ಗಾಡಿಗೆ ಕಟ್ಟುವ ಸರಪಳಿ ಎರಡನ್ನೂ ಕೆಳಗಿನಿಂದ ಅಡ್ಡಡ್ಡ ಹಾಕಿ. ಕೊಕ್ಕೆ ಕಳಚಿದರೆ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದೆ. ಬ್ರೇಕ್ ಲೈಟ್, ಇಂಡಿಕೇಟರ್ ಹಿಂದೆ ಉರಿಯುತ್ತವಾ ಅಂತ ಒಬ್ಬರು ನಿಂತು ನೋಡಲೇಬೇಕು. ನಮ್ಮದು ಎಡಗಡೆ ಉರಿಯುತ್ತಿರಲಿಲ್ಲ, ಪಿನ್ನಿನಲ್ಲಿ ಕೆಸರು.

ಬೇಕಲದಲ್ಲಿ ಕೆಳದಿಯವರ ಕೋಟೆ ನೋಡಿದ್ದಕ್ಕಿಂತ ಪಾರ್ಕಿಂಗಿನಲ್ಲಿ ರಿವರ್ಸ್ ತೆಗೆದದ್ದೇ ಜಾಸ್ತಿ ನೆನಪಿದೆ. ಸ್ಟೇರಿಂಗಿನ ಕೆಳತುದಿ ಹಿಡಿದುಕೊಳ್ಳಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೆ ಹೋಗುತ್ತದೆ. ತಿರುವಿನಲ್ಲಿ ಟ್ರೇಲರ್ ಒಳಗಡೆಯಿಂದ ಕತ್ತರಿಸಿಕೊಂಡು ಬರುತ್ತದೆ, ಸ್ವಲ್ಪ ಅಗಲ ಹಿಡಿದು ತಿರುಗಿಸಿ. ಇಲ್ಲದಿದ್ದರೆ ಯಾರದ್ದೋ ಗೇಟಿನ ಕಂಬ ಹೋಗುತ್ತದೆ.

ರಾಣಿಪುರದ ಏರಿಗೆ ಟ್ರೇಲರ್ ಬೇಡವೆಂದು ಪಾಣತ್ತಡಿಯಲ್ಲಿ ಪರಿಚಯದವರ ಅಂಗಳದಲ್ಲಿ ಗಾಡಿ, ಟ್ರೇಲರ್ ಎರಡನ್ನೂ ಬಿಟ್ಟು ಸ್ಕೂಟರಿನಲ್ಲಿ ಹತ್ತಿದೆವು. ಈ ಟ್ರೇಲರಿಗೆ ಬ್ರೇಕಿಲ್ಲ, ಇಳಿಜಾರಿನಲ್ಲಿ ಅದರ ಭಾರವೆಲ್ಲ ಮುಂದಿನ ಗಾಡಿಯ ಬ್ರೇಕಿನ ಮೇಲೆಯೇ. ಬೇರೆ ಕಡೆ ಘಾಟಿ ಇಳಿಯಲೇಬೇಕಾದರೆ ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರಿಗೆ ಬನ್ನಿ.

ಒಂದು ವಿಷಯ ನಮಗೂ ಹೊಳೆದಿರಲಿಲ್ಲ. ಕಾಞಂಗಾಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಗೋಣಿ ಇಳಿಸಿ, ಚಹಾ ಕುಡಿದು ಹೊರಟಿದ್ದೆವು. ಗೇಟು ದಾಟುವಾಗ ಭಾವ ಗಕ್ಕನೆ ನಿಲ್ಲಿಸಿದರು. "ಮುಂದಿನ ಭಾರ ಹೋಯ್ತಲ್ಲ ಮಾರಾಯ!" ಇಳಿದು ಹಿಂದಿದ್ದ ಎರಡು ನೀರಿನ ಕ್ಯಾನುಗಳನ್ನು ಮುಂದೆ ಕಟ್ಟಿದೆವು. ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು, "ನೀರು ಸಾಲದಾ? ಇನ್ನೊಂದು ಕೊಡ ಕೊಡ್ಲಾ?" ಅಂತ ಕೇಳುತ್ತಿದ್ದರು.