ಹೋದ ಜಾತ್ರೆಯ ಬಡ್ಡಿ, ಬರೋ ಜಾತ್ರೆಯ ಕುರಿ

ದಾವಣಗೆರೆ
ಭಾನುವಾರ, ಫೆಬ್ರವರಿ 11, 2024

ಮೂರು ರೂಪಾಯಿ ಬಡ್ಡಿಯ ಸಾಲ ಗುರುವಾರ ತೀರಿತು. ಅವತ್ತೇ ಬರೆಯಬೇಕಿತ್ತು, ಹೊಲಿಯೋ ಬ್ಲೌಸುಗಳ ರಾಶಿ ಬಿಡಲಿಲ್ಲ. ಇವತ್ತು ಮಧ್ಯಾಹ್ನ ಮಷೀನಿಗೆ ರಜೆ ಕೊಟ್ಟು ಕೂತಿದ್ದೇನೆ.

ಆ ಸಾಲ ಯಾಕೆ ಮಾಡಿದ್ದು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ನಮ್ಮೂರ ದೇವಿ ದುಗ್ಗಮ್ಮನ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಒಂದು ದಿನ ಹೋಳಿಗೆ ಎಡೆ, ಮರುದಿನ ಬಾಡೂಟ. ಅದಕ್ಕೂ ಮುಂಚೆ ಮನೆಗೆ ಸುಣ್ಣ ಬಣ್ಣ, ಎಲ್ಲರಿಗೂ ಹೊಸ ಬಟ್ಟೆ, ಅಮ್ಮನಿಗೆ ಉಡಿ. ಬೀಗರು, ಬಿಜ್ಜರು, ಅವರ ಪಕ್ಕದ ಮನೆಯವರು, ಎಲ್ಲರೂ ಬರುತ್ತಾರೆ. ಬಂದವರಿಗೆ ಊಟ ಹಾಕಲಿಲ್ಲ ಅಂದರೆ ಮುಂದಿನ ಜಾತ್ರೆವರೆಗೂ ಅದೇ ಮಾತು. 2022ರ ಜಾತ್ರೆ ಹೊಸ ಮನೆಯಲ್ಲಿ ಮೊದಲನೇದು. ಮನೆ ಕಟ್ಟಿ ಕೈ ಖಾಲಿಯಾಗಿತ್ತು. ಆದರೂ ಎರಡು ಕುರಿ ಬಿತ್ತು. ನಮ್ಮನೆಯವರು ಪರಿಚಯದ ಒಬ್ಬರ ಹತ್ತಿರ 40,000 ತಂದರು. ನೂರಕ್ಕೆ ಮೂರು. ತಿಂಗಳಿಗೆ 1,200 ಬಡ್ಡಿ, ಅಸಲು ಮಾತ್ರ ಒಟ್ಟಿಗೇ ಕೊಡಬೇಕು.

ಈ "ಮೂರು ರೂಪಾಯಿ" ಅನ್ನೋದು ಕಿವಿಗೆ ಎಷ್ಟು ಹಗುರ ನೋಡಿ. ವರ್ಷಕ್ಕೆ ನೂರಕ್ಕೆ 36 ಆಯಿತು. ಲೈಸೆನ್ಸ್ ಇರೋ ಲೇವಾದೇವಿಗಾರರೇ ನಮ್ಮ ರಾಜ್ಯದಲ್ಲಿ ಅಡಮಾನ ಇದ್ದರೆ ಶೇ 14, ಇಲ್ಲದಿದ್ದರೆ ಶೇ 16ರ ಮೇಲೆ ತಗೊಳ್ಳೋ ಹಾಗಿಲ್ಲ. ವಿಪರೀತ ಬಡ್ಡಿ ನಿಷೇಧಿಸೋಕೆ 2004ರ ಕಾಯಿದೆ ಬೇರೆ ಇದೆ. ಆದರೆ ರಾತ್ರಿ ಎಂಟಕ್ಕೆ ಹೋಗಿ ಕೇಳಿದರೆ ಎಂಟೂವರೆಗೆ ದುಡ್ಡು ಎಣಿಸಿ ಕೊಡೋದು ಆ ಮೂರು ರೂಪಾಯಿಯವರೇ. ಕಾಯಿದೆ ಹಿಡಿದುಕೊಂಡು ಹೋಗಿ ಜಗಳ ಮಾಡೋ ಸಂಬಂಧ ಅದಲ್ಲ. ಇದೇ ಓಣಿಯಲ್ಲಿ ಬಾಳಬೇಕು.

ಕೊಟ್ಟ ಬಡ್ಡಿ ಕೂಡಿಸಿದರೆ 27,600. ಒಂದೇ ಮಧ್ಯಾಹ್ನಕ್ಕೆ ಉಂಡು ಮುಗಿದ ಊಟಕ್ಕೆ ಇದು. ಆ ಊಟದಲ್ಲಿ ನಾನು ಕುಳಿತಿದ್ದು ಸಂಜೆ ಐದಕ್ಕೆ, ಪಾತ್ರೆ ತಳದ ಸಾರಿಗೆ. ಇರಲಿ.

ಅಸಲು ಹೊಂದಿಸಿದ್ದು ಚೀಟಿಯಿಂದ. ನಮ್ಮ ಓಣಿಯ ಹೆಂಗಸರ ಚೀಟಿ, ಇಪ್ಪತ್ತು ಜನ, ತಿಂಗಳಿಗೆ ಎರಡೆರಡು ಸಾವಿರ. ಈ ತಿಂಗಳು ಆರು ಸಾವಿರ ಬಿಟ್ಟು ನಾನೇ ಕೂಗಿದೆ. ಕೈಗೆ 34,000 ಬಂತು. ಜಾತ್ರೆ ಹತ್ತಿರ ಬಂದಿದೆ, ಪೈಪೋಟಿ ಜೋರಿತ್ತು. "ಆರು ಸಾವಿರ ಸುಮ್ಮನೆ ಕಳಕೊಂಡೆಯಲ್ಲೇ" ಅಂತ ಎದುರುಮನೆಯವರು ಅಂದರು. ಚೀಟಿ ಮುಗಿಯೋಕೆ ಇನ್ನೂ ಒಂಬತ್ತು ತಿಂಗಳಿದೆ. ಕಾದು ಕೊನೆಗೆ ಎತ್ತಿದರೆ ಪೂರ್ತಿ ನಲವತ್ತು ಸಿಗುತ್ತೆ, ನಿಜ. ಅಲ್ಲಿವರೆಗೆ ತಿಂಗಳಿಗೆ 1,200ರಂತೆ 10,800 ಬಡ್ಡಿ ಕಟ್ಟೋರು ಯಾರು? ಉಳಿದ ಆರು ಸಾವಿರ ಬ್ಲೌಸಿನ ದುಡ್ಡಿನ ಡಬ್ಬಿಯಿಂದ ಹೋಯಿತು.

ಗುರುವಾರ ಸಂಜೆ ಇಬ್ಬರೂ ಹೋದೆವು. ಅವರು ನೋಟು ಎರಡು ಸಲ ಎಣಿಸಿ, ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ನಮ್ಮ ಥರದ ಎಷ್ಟೋ ಮನೆಗಳ ಪ್ರೋನೋಟು. ನಮ್ಮದನ್ನು ಹುಡುಕಿ ತೆಗೆದರು. ರೆವಿನ್ಯೂ ಸ್ಟಾಂಪಿನ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರೋ ಹಾಗೆ ನಮ್ಮನೆಯವರ ಸಹಿ. ಅದಕ್ಕೆ ಪಿನ್ ಹಾಕಿದ ಎರಡು ಖಾಲಿ ಚೆಕ್ಕು. ಪಿನ್ನಿಗೆ ತುಕ್ಕು ಹಿಡಿದು ಚೆಕ್ಕಿನ ಮೇಲೆ ಕಂದು ಕಲೆಯಾಗಿತ್ತು. ನಾನು ಚೆಕ್ ನಂಬರ್ ನೋಡಿಯೇ ಈಸಿಕೊಂಡೆ. ಅವರಿಗೆ ಅದು ಅಷ್ಟು ಹಿಡಿಸಲಿಲ್ಲ. ಕಾಫಿ ಕೊಟ್ಟು ಕಳಿಸುವಾಗ ಬಾಗಿಲಲ್ಲಿ ನಿಂತು, "ಜಾತ್ರಿ ಬಂತಲ್ರೀ, ಮತ್ತೆ ಬೇಕಾದ್ರೆ ಹೇಳ್ರಿ, ನಿಮಗೆ ಇಲ್ಲ ಅನ್ನಲ್ಲ" ಅಂದರು. ನಮ್ಮನೆಯವರು ಹೂಂ ಅಂದರು. ಬೈಕ್ ಹತ್ತಿದ ಮೇಲೆ ಆ ಹೂಂ ಬಗ್ಗೆ ಸ್ವಲ್ಪ ಮಾತಾಯಿತು.

ನಮ್ಮನೆಯವರಿಗೆ ಇನ್ನೊಂದು ಆಸೆಯಿತ್ತು. ಚೀಟಿ ದುಡ್ಡು ಬಂದ ಕೂಡಲೇ ಸೋದರಮಾವನ ಸಾಲ ತೀರಿಸೋಣ ಅಂತ. ಮೋಲ್ಡ್ ಹಾಕೋವಾಗ ಮಾವ ಕೊಟ್ಟಿದ್ದು 50,000, ಬಡ್ಡಿ ಇಲ್ಲ, ಪತ್ರ ಇಲ್ಲ, ಕೇಳಿದ್ದೂ ಇಲ್ಲ. ಜಾತ್ರೆಗೆ ಬರುತ್ತಾರೆ, ಮುಖ ಹೇಗೆ ತೋರಿಸಲಿ ಅನ್ನೋದು ಇವರ ಸಂಕಟ. ನಾನು ಬಡ್ಡಿ ತಿನ್ನೋದನ್ನ ಮೊದಲು ಮುಗಿಸೋಣ ಅಂದೆ. ಲೆಕ್ಕಕ್ಕೆ ಅದೇ ಸರಿ. ಆದರೆ ಇದರಲ್ಲಿ ಒಂದು ಅನ್ಯಾಯ ಇದೆ, ಅದನ್ನೂ ಬರೆಯುತ್ತೇನೆ: ಹಿಂಡಿದವರಿಗೆ ಮೊದಲು ಕೊಟ್ಟು, ಒಳ್ಳೇತನ ಮಾಡಿದವರನ್ನು ಕೊನೆಗೆ ನಿಲ್ಲಿಸುತ್ತೇವೆ. ಮಾವನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂದಿದ್ದೇನೆ. ಇನ್ನೂ ಮಾಡಿಲ್ಲ.

ಇನ್ನು ದೊಡ್ಡ ಸಾಲ. 2021ರ ಮಾರ್ಚ್‌ನಲ್ಲಿ ಮನೆಗೆ ಹತ್ತು ಲಕ್ಷ ತೆಗೆದಾಗ ಬಡ್ಡಿ ಶೇ 7, ಇಪ್ಪತ್ತು ವರ್ಷ, ಕಂತು 7,753. ಕಂತು ಅವತ್ತಿನಿಂದ ಒಂದು ರೂಪಾಯಿ ಏರಿಲ್ಲ. ಅದಕ್ಕೇ ನಾವು ಆರಾಮಾಗಿದ್ದೆವು. ರಿಸರ್ವ್ ಬ್ಯಾಂಕು 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡೋ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಒಯ್ದಿತು. ನಮ್ಮ ಬಡ್ಡಿ ಅದರ ಹಿಂದೆಯೇ ಹೋಗಿ ಈಗ ಶೇ 9.5ರಲ್ಲಿ ನಿಂತಿದೆ. ಮೊನ್ನೆ ಗುರುವಾರ, ನಾವು ಪ್ರೋನೋಟು ಬಿಡಿಸಿಕೊಂಡ ದಿನವೇ, ಮತ್ತೆ 6.5ರಲ್ಲೇ ಇಟ್ಟರು ಅಂತ ಟೀವಿಯಲ್ಲಿ ಬಂತು. ಕಂತು ಏರಿಸದೆ ಬ್ಯಾಂಕಿನವರು ಅವಧಿ ಎಳೆಯುತ್ತಾ ಹೋಗಿದ್ದಾರೆ.

ಈ ತಿಂಗಳ ಸ್ಟೇಟ್‌ಮೆಂಟಿನ ಒಂದು ಸಾಲು ಹೀಗಿದೆ: ಕಂತು 7,753. ಬಡ್ಡಿಗೆ 7,605. ಅಸಲಿಗೆ 148.

ನೂರಾ ನಲವತ್ತೆಂಟು! ಒಂದು ಲೈನಿಂಗ್ ಬ್ಲೌಸ್ ಹೊಲಿದರೆ 350 ತಗೊಳ್ಳುತ್ತೇನೆ. ನಮ್ಮನೆಯವರು ದಲ್ಲಾಳಿ ಅಂಗಡಿಯಲ್ಲಿ ತಿಂಗಳಿಡೀ ಮೆಕ್ಕೆಜೋಳದ ಚೀಲದ ಲೆಕ್ಕ ಬರೆದು ತಂದ ಸಂಬಳದಲ್ಲಿ ಸಾಲ ಇಳಿದದ್ದು ಅರ್ಧ ಬ್ಲೌಸಿನಷ್ಟು. ಬಾಕಿ ಇನ್ನೂ 9,60,700. ಇದೇ ಕಂತು, ಇದೇ ಬಡ್ಡಿ ಹಿಡಿದು ದೊಡ್ಡವಳ ಕೈಲಿ ಮೊಬೈಲಿನಲ್ಲಿ ಲೆಕ್ಕ ಹಾಕಿಸಿದೆ. 502 ತಿಂಗಳು ಅಂತ ಬಂತು. ಹತ್ತಿರ ಹತ್ತಿರ 42 ವರ್ಷ. ನಮ್ಮನೆಯವರಿಗೆ ಈಗ 44. "ಅಪ್ಪಾ, ನಿನಗೆ 86 ಆದಾಗ ಮನೆ ನಮ್ಮದಾಗುತ್ತೆ" ಅಂತ ಅವಳು ನಕ್ಕಳು. ಎಂಟನೇ ಕ್ಲಾಸಿನ ಹುಡುಗಿಗೆ ಇದು ನಗು. ಅವರು ಎದ್ದು ಹೋಗಿ ಅಂಗಳದ ನಲ್ಲಿ ರಿಪೇರಿ ಮಾಡೋಕೆ ನಿಂತರು.

ಕಂತು 9,500 ಮಾಡಿದರೆ ಎಷ್ಟು ಅಂತ ಮತ್ತೆ ಹಾಕಿಸಿದೆ. 204 ಚಿಲ್ಲರೆ. ಹದಿನೇಳು ವರ್ಷ. ನಾನು ನಂಬದೆ ಇನ್ನೊಂದು ಸಲ ಒತ್ತಿಸಿದೆ, ಅದೇ ಬಂತು. ತಿಂಗಳಿಗೆ 1,747 ಹೆಚ್ಚು ಕಟ್ಟಿದರೆ 25 ವರ್ಷ ಬಿದ್ದು ಹೋಗುತ್ತೆ. ಹೆಚ್ಚು ಕಟ್ಟಿದ್ದು ಪೂರ್ತಿ ಅಸಲಿಗೇ ಹೋಗೋದರಿಂದ ಹೀಗೆ. ಬಡ್ಡಿ ಏರಿದಾಗ ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಅಂತ ಸಾಲಗಾರರನ್ನು ಕೇಳಿಯೇ ಮಾಡಬೇಕು ಅಂತ ಹೋದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಹಳೇ ಸಾಲಕ್ಕೂ ಡಿಸೆಂಬರ್ ಕೊನೆಯೊಳಗೆ ಜಾರಿ ಮಾಡಿ ಅಂದಿತ್ತು. ಬದಲಾಗೋ ಬಡ್ಡಿಯ ಮನೆಸಾಲಕ್ಕೆ ಮುಂಚೆ ಕಟ್ಟಿದರೆ ದಂಡವೂ ಇಲ್ಲ. ಮೂರು ರೂಪಾಯಿ ಸಾಲ ತೀರಿದ್ದರಿಂದ 1,200 ಉಳಿಯಿತು, ಇನ್ನು 547 ಹುಟ್ಟಬೇಕು. ನಿನ್ನೆ ಎರಡನೇ ಶನಿವಾರ, ಬ್ಯಾಂಕು ಬಾಗಿಲು. ನಾಳೆ ಅರ್ಜಿ ಕೊಡೋದು.

ಬಳೆಯದು ಬೇರೆ ಕತೆ. ನಾಲ್ಕು ಬಳೆ, 30 ಗ್ರಾಂ, 90,000ಕ್ಕೆ ಅಡ ಇಟ್ಟಿದ್ದೇವೆ. ಮಾರ್ಚ್‌ಗೆ ವರ್ಷದ ಬಡ್ಡಿ 8,100 ಕಟ್ಟಿ ಮತ್ತೆ ಹೊಸದು ಮಾಡಿಸಬೇಕು. ವಿಚಾರಿಸೋಕೆ ಹೋದಾಗ ಕೌಂಟರಿನ ಹುಡುಗ ಬಹಳ ಪ್ರೀತಿಯಿಂದ, "ಮೇಡಂ, ಬಂಗಾರದ ರೇಟು ಏರಿದೆ, ಇದೇ ಬಳೆ ಮೇಲೆ ಇನ್ನೂ ಮೂವತ್ತೈದು ಸಾವಿರ ಕೊಡಬಹುದು" ಅಂದ. ಬಂಗಾರ ಏರಿದರೆ ನಾವು ಶ್ರೀಮಂತರಾದೆವು ಅಂತ ಸಂತೋಷ ಪಡೋ ಹಾಗೂ ಇಲ್ಲ, ಏರಿದಷ್ಟೂ ಹೆಚ್ಚು ಸಾಲ ಸಿಗುತ್ತೆ ಅಷ್ಟೇ. ಬೇಡ ಅಂದು ಬಂದೆ. ಮನೆಯಲ್ಲಿ ಈ ಮೂವತ್ತೈದರ ವಿಷಯ ಎತ್ತಲಿಲ್ಲ, ಎತ್ತಿದ್ದರೆ ಅದು ಕುರಿಯಾಗುತ್ತಿತ್ತು.

ಯಾಕಂದರೆ ಅತ್ತೆಯ ಪಟ್ಟಿ ತಯಾರಾಗಿದೆ. ಬೆಳಿಗ್ಗೆ ಅವರು ಬಾಯಲ್ಲಿ ಹೇಳಿದರು, ಸಣ್ಣವನು ಕಾಪಿ ಪುಸ್ತಕದ ಹಿಂದೆ ಬರೆದ. ಜಗಳೂರಿನ ತಂಗಿ ಮನೆ, ಹರಪನಹಳ್ಳಿ ಬೀಗರು, ಚನ್ನಗಿರಿಯವರು. ಈ ಸಲ ಇನ್ನೊಂದು ವಿಶೇಷ: ಶಕ್ತಿ ಯೋಜನೆ ಬಂದ ಮೇಲೆ ಇದು ಮೊದಲ ಜಾತ್ರೆ. ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ. ಹೋದ ಸಲ ಮನೆಗೊಬ್ಬರು ಬಂದಿದ್ದರೆ ಈ ಸಲ ನಾಲ್ವರು ಬರುತ್ತಾರೆ. ಸರ್ಕಾರ ಟಿಕೆಟ್ ಕೊಡುತ್ತೆ, ಊಟ ನಾವು ಹಾಕಬೇಕು.

ನಾನು ಮೆಲ್ಲಗೆ ಹೇಳಿದೆ. "ಅತ್ತೆ, ಹೋದ ಜಾತ್ರೆ ಬಡ್ಡಿ ಮೊನ್ನೆ ಮುಗೀತು. ಈ ಸಲ ಸಾಲ ಮಾಡೋದು ಬೇಡ."

"ಯಾರವ್ವಾ ಸಾಲ ಮಾಡು ಅಂದೋರು?"

ಎದ್ದು ಹೋಗಿ ಟ್ರಂಕಿನಿಂದ ಪಾಸ್‌ಬುಕ್ ತಂದು ನನ್ನ ಮುಂದೆ ಇಟ್ಟರು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ, ಹಾಗಾಗಿ ಗೃಹಲಕ್ಷ್ಮಿ ಎರಡು ಸಾವಿರ ಅವರ ಖಾತೆಗೇ ಬೀಳುತ್ತೆ. ಐದು ಕೆ.ಜಿ. ಅಕ್ಕಿ ಬದಲು ಕೊಡೋ ತಲೆಗೆ 170 ರೂಪಾಯಿ, ಐದು ಜನಕ್ಕೆ 850, ಅದೂ ಅಲ್ಲಿಗೇ. ಅಕ್ಕಿ ದುಡ್ಡು ಆಗಾಗ ತೆಗೆದು ನನಗೆ ಕೊಡುತ್ತಿದ್ದರು. ಎರಡು ಸಾವಿರದ ವಿಷಯ ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಎರಡು ಸಾವಿರಕ್ಕೆ ಅತ್ತೆ ಸೊಸೆ ಮುಖ ನೋಡದಂತಾಗಿದ್ದಾರೆ. ನೋಡಿದರೆ ಹತ್ತು ಸಾವಿರ ಹಾಗೇ ಕೂತಿದೆ.

"ನನ್ನ ದುಡ್ಡಲ್ಲಿ ಎಷ್ಟಾಗುತ್ತೋ ಅಷ್ಟು ಜಾತ್ರಿ. ಅದರ ಮ್ಯಾಲೆ ಒಂದ್ರೂಪಾಯಿ ನನ್ನ ಮಗನ್ನ ಕೇಳಲ್ಲ. ಆತಿಲ್ಲೋ?"

ಆಯಿತು ಅಂದೆ. ಹತ್ತು ಸಾವಿರಕ್ಕೆ ಇಡೀ ಕುರಿ ಬರೋದಿಲ್ಲ, ಅದು ಅವರಿಗೂ ಗೊತ್ತು. ನಾಲ್ಕು ಮನೆ ಸೇರಿ ಒಂದು ಕುರಿ ಪಾಲು ಹಾಕಿಕೊಳ್ಳೋದು ಅಂತ ಅವರೇ ಆಗಲೇ ಓಣಿಯಲ್ಲಿ ಮಾತಾಡಿ ಬಂದಿದ್ದಾರೆ. ಸುಣ್ಣ ಬಣ್ಣ ಈ ಸಲ ಮುಂಬಾಗಿಲಿಗೆ ಮಾತ್ರ. ಆ ಹತ್ತು ಸಾವಿರವನ್ನು ಮನೆಸಾಲದ ಅಸಲಿಗೆ ಹಾಕಿದರೆ ಹದಿನೇಳು ವರ್ಷಕ್ಕೆ ಬಡ್ಡಿ ಸೇರಿ ಐವತ್ತು ಸಾವಿರದಷ್ಟು ಉಳಿಯುತ್ತಿತ್ತು ಅಂತ ನನ್ನ ತಲೆ ತಾನಾಗೇ ಲೆಕ್ಕ ಹಾಕಿತು. ಬಾಯಿ ಬಿಡಲಿಲ್ಲ. ಅವರ ದುಡ್ಡು, ಅವರ ದೇವರು. ಎರಡು ವರ್ಷಕ್ಕೊಮ್ಮೆ ಅಕ್ಕತಂಗಿಯರು ಒಂದೇ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕೋದಕ್ಕೆ ನಾನು ಯಾವ ಬಡ್ಡಿ ಲೆಕ್ಕ ತೋರಿಸಲಿ?

ಜಾತ್ರೆಯಿಂದ ನಷ್ಟ ಅಂತಲೇ ಬರೆದರೆ ತಪ್ಪಾಗುತ್ತೆ. ಊರಿಗೆ ಊರೇ ಹೊಸ ಸೀರೆ ಉಡುತ್ತೆ, ಬ್ಲೌಸು ಯಾರು ಹೊಲಿಯಬೇಕು? ಮಾರ್ಚ್ ಮೊದಲ ವಾರದವರೆಗೂ ಕೈತುಂಬ ಕೆಲಸ ಇದೆ. ಈ ಸಲ ಅರ್ಧ ದುಡ್ಡು ಮುಂಗಡ ಇಲ್ಲದೆ ಅಳತೆ ಬ್ಲೌಸನ್ನೇ ಮುಟ್ಟುತ್ತಿಲ್ಲ. ಜಾತ್ರೆ ಮುಗಿದ ಮೇಲೆ ಕೊಡ್ತೀನಿ ಅಂದವರ ದುಡ್ಡು ಬರೋದು ಶ್ರಾವಣಕ್ಕೆ. ಹುಕ್ಕು, ಕಾಜಾ, ಹೆಮ್ಮಿಂಗ್ ದೊಡ್ಡವಳದು, ಬ್ಲೌಸಿಗೆ ಹತ್ತು ರೂಪಾಯಿ ಕೂಲಿ, ಪರೀಕ್ಷೆ ಶುರುವಾಗೋವರೆಗೆ ಮಾತ್ರ. ಹುಕ್ಕನ್ನು ಬರೀ ಮೇಲಿನ ಬಟ್ಟೆಗೆ ಹಾಕಿ ಲೈನಿಂಗ್ ಬಿಟ್ಟುಬಿಡುತ್ತಾಳೆ, ಎರಡು ಸಲ ಒಗೆದರೆ ಕಿತ್ತು ಬರುತ್ತೆ. ಇವತ್ತು ಮೂರು ಬಿಚ್ಚಿಸಿ ಮತ್ತೆ ಹಾಕಿಸಿದೆ. ಮುಖ ದಪ್ಪ ಮಾಡಿಕೊಂಡಳು.

ಕರೆಂಟಿನ ಕಡೆ ಮಾತ್ರ ಒಂದು ಕಣ್ಣು ಇಡಬೇಕು. ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿ 62 ಯೂನಿಟ್, ಅದರ ಮೇಲೆ ಶೇ 10 ಸೇರಿ 68 ಯೂನಿಟ್ ಫ್ರೀ. ದಾಟಿದ್ದಕ್ಕೆ ದುಡ್ಡು. ಮಷೀನಿನ ಮೋಟಾರಿಗಿಂತ ಇಸ್ತ್ರಿಪೆಟ್ಟಿಗೆ ಹೆಚ್ಚು ಎಳೆಯುತ್ತೆ. ಹಾಗಾಗಿ ಎಲ್ಲ ಬ್ಲೌಸಿಗೂ ಒಂದೇ ಸಲ ಇಸ್ತ್ರಿ, ವಾರಕ್ಕೆ ಎರಡು ದಿನ.

ಬೇಕಾದ 547 ಎಲ್ಲಿಂದ ಅಂತ ಇನ್ನೂ ಪಕ್ಕಾ ಆಗಿಲ್ಲ. ಕೇಬಲ್ ತೆಗೆಸೋಣ ಅಂದರೆ ಅತ್ತೆಯ ಧಾರಾವಾಹಿ ಅಡ್ಡ ಬರುತ್ತೆ, ಬೈಕು ಬಿಟ್ಟು ಸೈಕಲ್ ತುಳೀತೀನಿ ಅಂತ ನಮ್ಮನೆಯವರು ಹೇಳುತ್ತಾರೆ, ಅದು ಎರಡು ದಿನದ ಮಾತು. ತಿಂಗಳಿಗೆ ಎರಡು ಬ್ಲೌಸ್ ಹೆಚ್ಚು ಹೊಲಿದರೆ ಮುಗೀತು ಅಂತ ಕೊನೆಗೆ ನನ್ನ ತಲೆಗೇ ಬರೆದುಕೊಂಡಿದ್ದೇನೆ.

ಇದನ್ನು ಬರೆಯುತ್ತಿರೋವಾಗಲೇ ಪಡಸಾಲೆಯಲ್ಲಿ ಅತ್ತೆ ಜಗಳೂರಿನ ತಂಗಿಗೆ ಫೋನ್ ಹಚ್ಚಿದ್ದಾರೆ. ಸ್ಪೀಕರ್ ಹಾಕದೇ ಅವರಿಗೆ ಮಾತು ಕೇಳಿಸೋದಿಲ್ಲ, ಹಾಗಾಗಿ ಎರಡೂ ಕಡೆಯದು ನಮಗೆಲ್ಲ ಕೇಳುತ್ತೆ.

"ಈ ಸಲ ಪಾಲಿನ ಕುರಿ ಕಣೇ. ಮುಂಚೆ ಬಂದೋರಿಗೆ ತುಂಡು, ತಡವಾಗಿ ಬಂದೋರಿಗೆ ಬರೀ ಸಾರು."

"ಹಂಗಾದ್ರೆ ಹಿಂದಿನ ದಿನವೇ ಬರ್ತೀವಿ ಬಿಡಕ್ಕ. ಬಸ್ಸು ಹೆಂಗೂ ಫ್ರೀ."