ಮಿನಿ ಟ್ರ್ಯಾಕ್ಟರ್‌ಗೆ ಹಿಂದೆ ಒಂದು ಲಿವರ್

ಸಕಲೇಶಪುರದ ಕಡೆ ಕಾಫಿ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ, ಅದಕ್ಕೇ ನಮ್ಮದು ಮಿನಿ. ಆದರೆ ಅದರಲ್ಲಿ ಟ್ರೇಲರ್ ಎತ್ತಲು ಹೈಡ್ರಾಲಿಕ್ ಪೈಪು ಸಿಕ್ಕಿಸುವ ಜಾಗವೇ ಇರಲಿಲ್ಲ. ಕೊಟ್ಟಿಗೆ ಗೊಬ್ಬರವನ್ನೆಲ್ಲ ಅಪ್ಪ ಸಲಿಕೆಯಲ್ಲೇ ಇಳಿಸುತ್ತಿದ್ದರು. ಈ ವಾರ ಹಿಂದೆ ಒಂದು ವಾಲ್ವ್ ಹಾಕಿಸಿದೆವು, ಲಿವರ್ ಎಳೆದರೆ ಪಂಪಿನ ಆಯಿಲನ್ನು ಟ್ರೇಲರ್ ಪೈಪಿಗೆ ತಿರುಗಿಸುವಂಥದ್ದು.

ಮೆಕ್ಯಾನಿಕ್ ಅಣ್ಣ ವಾಲ್ವನ್ನು ಕೈಗೆ ಕೊಟ್ಟು ತೋರಿಸಿದರು. ಒಂದು ತೂತಿಗೆ ಪಂಪಿನಿಂದ ಆಯಿಲ್ ಬರುತ್ತದೆ. ಇನ್ನೊಂದರಿಂದ ಮುಂದೆ, ಟ್ರ್ಯಾಕ್ಟರಿನ ಹಿಂದೆ ನೇಗಿಲು ಎತ್ತುವ ಲಿಫ್ಟ್‌ಗೆ ಹೋಗುತ್ತದೆ, ಅದೇ ಪವರ್ ಬಿಯಾಂಡ್. ಮೂರನೆಯದು ವಾಪಸ್ ಟ್ಯಾಂಕಿಗೆ. ಅಗ್ಗಕ್ಕೆ ಸಿಗುತ್ತದೆ ಅಂತ ಪವರ್ ಬಿಯಾಂಡ್ ಇಲ್ಲದ್ದನ್ನು ಹಾಕಿದರೆ, ಲಿಫ್ಟ್ ಎತ್ತಿದಾಗಲೆಲ್ಲ ಒತ್ತಡ ವಾಲ್ವಿನ ಮೇಲೇ ಬೀಳುತ್ತದೆ. ಸೀಲ್ ಹೋಗಬಹುದು, ವಾಲ್ವೇ ಬಿರುಕು ಬಿಡಬಹುದು. ಇಲ್ಲಿ ದುಡ್ಡು ಉಳಿಸಲೇಬಾರದು.

ಟಿಪ್ಪಿಂಗ್ ಟ್ರೇಲರ್‌ಗೆ ಸಾಮಾನ್ಯವಾಗಿ ಒಂದೇ ಪೈಪು ಸಾಕು. ಎತ್ತುವುದು ಆಯಿಲ್, ಇಳಿಯುವುದು ಅದರದೇ ತೂಕಕ್ಕೆ. ಹೈಡ್ರಾಲಿಕ್ ಪಲ್ಟಿ ನೇಗಿಲಿಗಾದರೆ ಎರಡು ಬೇಕು.

ಟ್ರೇಲರ್ ಮೊದಲ ಸಲ ಮೇಲೆದ್ದಾಗ ಅಪ್ಪ ಸಲಿಕೆ ಹಿಡಿದುಕೊಂಡೇ ನಿಂತಿದ್ದರು, ಅಭ್ಯಾಸಬಲ. ಗೊಬ್ಬರ ದಬಕ್ಕನೆ ಜಾರಿತು. ಆಳು ಸಿಗದ ಈ ಕಾಲದಲ್ಲಿ ನಾವು ದೊಡ್ಡ ದೊಡ್ಡ ಯಂತ್ರಗಳನ್ನೇ ನೋಡುತ್ತೇವೆ, ಇರುವ ಯಂತ್ರಕ್ಕೆ ಏನು ಸೇರಿಸಿದರೆ ಮನೆಯವರ ಸೊಂಟ ಉಳಿಯುತ್ತದೆ ಅಂತ ಯೋಚಿಸುವುದು ಕಮ್ಮಿ, ಅಲ್ವಾ?

ಹಾಕಿಸುವವರಿಗೆ ಒಂದು ಮಾತು. ಪೈಪು ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೇ ಹೊಕ್ಕುತ್ತದೆ. ರಟ್ಟು ಹಿಡಿದು ನೋಡಿ. ಅಕಸ್ಮಾತ್ ತಗುಲಿದರೆ, ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.