ತಿದ್ದಿದ ಮೇಲೂ ಡಿಬಿಯದ್ದೇ ತಪ್ಪು

ಹೋದ ಕ್ವಾರ್ಟರ್‌ನಲ್ಲಿ ನಮ್ಮ ಆಫೀಸಿನ ಸಿಸ್ಟಮ್‌ಗೆ ಬಂದ ಆ ಪಿ-ಒನ್ (ಎಲ್ಲ ಬಿಟ್ಟು ಮೊದಲು ಸರಿಮಾಡಬೇಕಾದ ತೊಂದರೆ) ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಪೇಮೆಂಟ್ ಸರ್ವಿಸ್ ಬಿತ್ತು. ಆನ್-ಕಾಲ್ ಹುಡುಗ, ಅಂದರೆ ಅವತ್ತು ತುರ್ತಿಗೆ ಸಿಗಬೇಕಾದವನು, ಲಾಗ್‌ನಲ್ಲಿ ಕನೆಕ್ಷನ್ ಎರರ್ ನೋಡಿ ಗ್ರೂಪ್‌ಗೆ "ಡಿಬಿ ಡೌನ್", ಅಂದರೆ ಡೇಟಾಬೇಸ್ ಬಿದ್ದಿದೆ, ಅಂತ ಹಾಕಿದ. ಅದೇ ಟಿಕೆಟ್ (ತೊಂದರೆಯ ದಾಖಲೆ) ಟೈಟಲ್ ಆಯಿತು. ಬ್ರಿಡ್ಜ್‌ಗೆ, ಅಂದರೆ ಎಲ್ಲರೂ ಸೇರುವ ಕಾಲ್‌ಗೆ, ಬಂದವರೆಲ್ಲ ಕೇಳಿದ್ದು ಒಂದೇ: "ಡಿಬಿ ಯಾವಾಗ ಬರುತ್ತೆ?"

ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಮೇಡಂ ಬಡ್ಕೋತಾನೇ ಇದ್ದರು: ಡಿಬಿ ನೆಟ್ಟಗಿದೆ, ಸಿಪಿಯು ಸುಮ್ನೆ ಕೂತಿದೆ, ನೀವೇ ನೋಡಿ. ಅವರು ಸ್ಕ್ರೀನ್ ಶೇರ್ ಮಾಡಿ ತೋರಿಸುತ್ತಿರುವಾಗಲೇ ಮ್ಯಾನೇಜರ್ "ಸರಿ ಮೇಡಂ, ಆದ್ರೂ ಒಂದ್ಸಲ ರೀಸ್ಟಾರ್ಟ್ ಮಾಡಿಬಿಡೋಣ" ಅಂದರು. ಮಾಡಿದ್ದಾಯಿತು. ಅಲ್ಲಿಯವರೆಗೆ ಚೆನ್ನಾಗಿ ಓಡುತ್ತಿದ್ದ ರಿಪೋರ್ಟಿಂಗೂ ಮಲಗಿತು. ಕಾಲ್‌ನಲ್ಲಿ ಎಲ್ಲರೂ ಮ್ಯೂಟ್.

ಅಸಲಿ ಕಾರಣ ಆಮೇಲೆ ಸಿಕ್ಕಿತು. ಆ್ಯಪ್ ಕಡೆಯ ಸರ್ಟಿಫಿಕೇಟ್ (ಡಿಬಿಗೆ ತೋರಿಸುವ ಡಿಜಿಟಲ್ ಗುರುತಿನ ಚೀಟಿ) ಎಕ್ಸ್‌ಪೈರ್ ಆಗಿತ್ತು, ಡಿಬಿ ಆ್ಯಪನ್ನು ಒಳಗೆ ಬಿಟ್ಟಿರಲಿಲ್ಲ, ಅಷ್ಟೇ.

"ಇದು ಡಿಬಿ ಪ್ರಾಬ್ಲಂ ಅಲ್ಲ" ಅಂತ ನಾನು ಎಲ್ಲರಿಗೂ ಮೇಲ್ ಹಾಕಿದೆ. ಸರ್ಟಿಫಿಕೇಟ್ ವಿಷಯ ಕೊನೆಯ ಸಾಲಿನಲ್ಲಿತ್ತು. ಅಷ್ಟು ದೂರ ಯಾರು ಸ್ಕ್ರಾಲ್ ಮಾಡುತ್ತಾರೆ! ಮೂಲ ಕಾರಣ ಹುಡುಕುವ ಆರ್‌ಸಿಎ ಮೀಟಿಂಗ್‌ನಲ್ಲಿ, ಅದೇ ಮೇಲ್‌ಗೆ ಥ್ಯಾಂಕ್ಸ್ ಅಂತ ರಿಪ್ಲೈ ಮಾಡಿದ್ದವರೇ "ಡಿಬಿ ಬಿದ್ದಾಗ..." ಅಂತ ಶುರು ಮಾಡಿದರು. ತಡೆದರೆ "ಹಾಂ ಹಾಂ, ಸರ್ಟಿಫಿಕೇಟ್ ಅಲ್ವಾ" ಅನ್ನುತ್ತಾರೆ, ಮರುಕ್ಷಣ ಮತ್ತೆ ಡಿಬಿ.

ಬರೀ ದಡ್ಡತನ ಅನ್ನೋಕೂ ಆಗಲ್ಲ. 1994ರಲ್ಲಿ ಜಾನ್ಸನ್ ಮತ್ತು ಸೈಫರ್ಟ್ ಎಂಬ ಸಂಶೋಧಕರು ಗೋದಾಮಿಗೆ ಬೆಂಕಿ ಬಿದ್ದ ಕಥೆಯನ್ನು ಚೂರುಚೂರು ವರದಿಗಳಾಗಿ ಜನರಿಗೆ ಓದಿಸಿದ್ದರು. ಸಣ್ಣ ಕೋಣೆಯಲ್ಲಿ ಪೇಂಟು, ಗ್ಯಾಸ್ ಸಿಲಿಂಡರ್ ಇತ್ತು ಅಂತ ಮೊದಲು. ಅಲ್ಲಿ ಏನೂ ಇರಲಿಲ್ಲ ಅಂತ ಆಮೇಲೆ. ತಿದ್ದುಪಡಿ ನೆನಪಿದ್ದವರೂ ಹೊಗೆ ಯಾಕೆ ಬಂತು ಅಂತ ಕೇಳಿದರೆ ಪೇಂಟನ್ನೇ ಎಳೆದು ತಂದರು. ಯಾರೋ ಬೇಕಂತಲೇ ಹಚ್ಚಿದ ಸುಳಿವಿದೆ ಅಂತ ಬೇರೆ ಕಾರಣ ಕೊಟ್ಟಾಗ ಪೇಂಟಿನ ಮಾತು ಕಡಿಮೆಯಾಯಿತು. ನನ್ನ ಮೇಲ್ "ಅಲ್ಲ" ಅನ್ನುತ್ತಲೇ ಎಲ್ಲರಿಗೂ ಇನ್ನೊಮ್ಮೆ ಡಿಬಿಯನ್ನೇ ಉರು ಹೊಡೆಸಿತ್ತು.

ಈಗ ಮೊದಲ ಮೆಸೇಜ್‌ನಲ್ಲಿ ಕಂಡದ್ದಷ್ಟೇ ಹಾಕಿಸುತ್ತೇನೆ: "ಪೇಮೆಂಟ್ ಆಗುತ್ತಿಲ್ಲ, ಕಾರಣ ಹುಡುಕುತ್ತಿದ್ದೇವೆ." ತಿದ್ದುವಾಗ ನಿಜವಾದ ಕಾರಣ ಮೊದಲ ಸಾಲಿಗೇ ಬರಬೇಕು. ಟಿಕೆಟ್ ಟೈಟಲ್ ಮಾತ್ರ ನಮ್ಮ ದರಿದ್ರ ಟೂಲ್‌ನಲ್ಲಿ ಒಮ್ಮೆ ಹಾಕಿದರೆ ಬದಲಾಗಲ್ಲ. ಹೊಸದಾಗಿ ಸೇರಿದವರು ಹುಡುಕಿದರೆ ಇವತ್ತಿಗೂ "ಡಿಬಿ ಡೌನ್" ಅಂತಲೇ ಸಿಗುತ್ತದೆ, ಪರಿಹಾರ ರೀಸ್ಟಾರ್ಟ್ ಅಂತ ಕಲಿತುಕೊಂಡು ಹೋಗುತ್ತಾರೆ.

ಮ್ಯಾನೇಜ್‌ಮೆಂಟ್ ಡಿಬಿ ಅಪ್‌ಗ್ರೇಡ್‌ಗೆ ದುಡ್ಡು ಮಂಜೂರು ಮಾಡಿದೆ. ಸರ್ಟಿಫಿಕೇಟ್ ಮುಗಿಯುವ ಮುಂಚೆ ಎಚ್ಚರಿಸುವ ಅಲರ್ಟ್ ಇನ್ನೂ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಬಾಕಿ ಕೆಲಸಗಳ ಪಟ್ಟಿಯಲ್ಲೇ ಇದೆ.